ನಡುಗಡ್ಡೆಯಷ್ಟು ನೆಲ: ಕರ್ನಾಟಕದ ಕಿರು ವನ್ಯಧಾಮಗಳು

ಸುತ್ತ ನೀರಿದ್ದು ನಡುವೆ ಉಳಿದ ನೆಲಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಹೊಳೆಯ ನಡುವಿನದು ನಡುಗಡ್ಡೆ, ಕಾವೇರಿ ಸೀಮೆಯ ಪುಟ್ಟ ದಿಬ್ಬ ತಿಟ್ಟು, ಕರಾವಳಿಯ ನದಿಗಳಲ್ಲಿ ಕುದುರು, ಕಡಲಿನಲ್ಲಿ ದ್ವೀಪ. ವನ್ಯಜೀವಿ ಸಂರಕ್ಷಣೆಯ ಮಾತು ಬಂದಾಗ ದ್ವೀಪಕ್ಕೆ ನೀರೇ ಬೇಕೆಂದಿಲ್ಲ. ಗದ್ದೆ, ರಸ್ತೆ, ಬಡಾವಣೆಗಳ ನಡುವೆ ಉಳಿದುಕೊಂಡ ಕುರುಚಲು ಕಾಡು, ಬಂಡೆಬೆಟ್ಟ, ಊರ ಮಧ್ಯದ ಹುಣಸೆಮರ ಕೂಡ ಅಲ್ಲಿ ಬದುಕುವ ಜೀವಿಗೆ ದ್ವೀಪವೇ. ಬಂಡೀಪುರ ರಾಷ್ಟ್ರೀಯ ಉದ್ಯಾನ ಎಂಟುನೂರು ಚದರ ಕಿಲೋಮೀಟರ್ ಮೀರಿದ ಕಾಡು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮ 0.67 ಚದರ ಕಿಲೋಮೀಟರ್, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮ 0.84, ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ 0.73. ಬೆಳಗಿನ ವಾಯುವಿಹಾರದಲ್ಲಿ ಸುತ್ತಿ ಬರಬಹುದಾದಷ್ಟು ಈ ನೆಲ ಒಂದು ಜೀವಿಸಂಕುಲವನ್ನು ಉಳಿಸಬಲ್ಲದೇ, ಉಳಿಸಬೇಕಾದರೆ ಏನೇನು ಕೂಡಿಬರಬೇಕು ಎಂಬುದು ಇಲ್ಲಿಯ ಪ್ರಶ್ನೆ.

ಬೆಂಗಳೂರಿನ ಪಶ್ಚಿಮದ ಅಂಚಿನ ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದರೆ ಈ ಪ್ರಶ್ನೆಗೆ ಉತ್ತರ ಹೇಳುವ ತಾಣಗಳು ಸುಮಾರು 120 ಕಿಲೋಮೀಟರಿನೊಳಗೆ ಸಾಲಾಗಿ ಸಿಗುತ್ತವೆ: ತುರಹಳ್ಳಿ ಕಾಡು, ರಾಮನಗರದ ರಾಮದೇವರ ಬೆಟ್ಟ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು, ಕೊನೆಗೆ ರಂಗನತಿಟ್ಟು. ಕಡಲ ನಡುವಿನ ನಿಜವಾದ ದ್ವೀಪಕ್ಕೆ ಭಟ್ಕಳದ ನೇತ್ರಾಣಿ ಇದೆ. ಆದರೆ ದ್ವೀಪದ ಬದುಕಿನ ಮೊದಲ ಪಾಠಗಳು ಬಂದದ್ದು ದೂರದ ಶಾಂತಸಾಗರದ ಪಾಲಿನೇಷ್ಯಾ ದ್ವೀಪಗಳಿಂದ.

ಪಾಲಿನೇಷ್ಯಾದ ಪಾಠ

ಜೀವವಿಜ್ಞಾನಿಗಳಾದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ದ್ವೀಪಗಳ ಜೀವವಿತರಣೆಯ ಸಿದ್ಧಾಂತವನ್ನು ಮಂಡಿಸಿದರು. ದ್ವೀಪ ಚಿಕ್ಕದಾದಷ್ಟೂ ಅಲ್ಲಿ ಪ್ರಭೇದಗಳು ಬೇಗ ಅಳಿಯುತ್ತವೆ. ದೊಡ್ಡ ನೆಲದಿಂದ ದೂರವಾದಷ್ಟೂ ಹೊಸವು ಬಂದು ಸೇರುವುದು ಕಷ್ಟ. ಈ ಎರಡರ ಸಮತೋಲವೇ ಅಲ್ಲಿಯ ಜೀವವೈವಿಧ್ಯವನ್ನು ನಿರ್ಧರಿಸುತ್ತದೆ. ಒಂದು ದೊಡ್ಡ ಮೀಸಲು ಲೇಸೋ, ಹಲವು ಚಿಕ್ಕವು ಲೇಸೋ ಎಂಬ ವಾದ ಇದರಿಂದಲೇ 1970ರ ದಶಕದಲ್ಲಿ ಎದ್ದಿತು. ಸಾಧ್ಯವಿದ್ದಲ್ಲಿ ದೊಡ್ಡದೇ ಲೇಸು. ಆದರೆ ಕೆಲವು ಜೀವಿಗಳ ಪಾಲಿಗೆ ಉಳಿದಿರುವುದೇ ಚಿಕ್ಕ ನೆಲ.

ಅಂಥದೊಂದು ನೆಲ, ಹವಾಯಿ ದ್ವೀಪಸಾಲಿನ ವಾಯವ್ಯ ಭಾಗದ ಲೇಸನ್, ಸುಮಾರು ನಾಲ್ಕು ಚದರ ಕಿಲೋಮೀಟರಿನ ಮರಳುದ್ವೀಪ. 1903ರಲ್ಲಿ ಅಲ್ಲಿಗೆ ಮೊಲಗಳನ್ನು ತಂದು ಬಿಟ್ಟರು. ಟೋಪಿಗಳ ಅಲಂಕಾರಕ್ಕೆಂದು ಕಡಲಹಕ್ಕಿಗಳನ್ನು ಕೊಂದು ಗರಿ ಸಾಗಿಸುತ್ತಿದ್ದ ಕಾಲ ಅದು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಈ ದ್ವೀಪಸಾಲನ್ನು ಪಕ್ಷಿಮೀಸಲು ಎಂದು ಘೋಷಿಸಿದರು. ಕಾಗದದ ಮೇಲೆ ರಕ್ಷಣೆ ಸಿಕ್ಕಿತು, ಮೊಲಗಳು ಮಾತ್ರ ಅಲ್ಲೇ ಉಳಿದವು. 1923ರಲ್ಲಿ ಅವುಗಳನ್ನು ಪೂರ್ತಿ ತೆಗೆಯುವ ಹೊತ್ತಿಗೆ ದ್ವೀಪ ಬರಿ ಮರಳಾಗಿತ್ತು. ಅಲ್ಲಿ ಮಾತ್ರ ಇದ್ದ ಎರಡು ಪುಟ್ಟ ಹಕ್ಕಿಗಳು ಕಣ್ಮರೆಯಾದವು. ಹಾರಲಾರದ ಇನ್ನೊಂದು ಹಕ್ಕಿ, ಲೇಸನ್ ರೈಲ್, ಮಿಡ್‌ವೇ ದ್ವೀಪದಲ್ಲಿ ಬಿಟ್ಟಿದ್ದ ಕೆಲವೇ ಜೊತೆಗಳಿಂದ ಉಳಿದಿತ್ತು. ಎರಡನೆಯ ಮಹಾಯುದ್ಧದ ಹಡಗಿನಲ್ಲಿ ಇಲಿಗಳು ಬಂದಿಳಿದ ಮೇಲೆ ಅದೂ 1944ಕ್ಕೆ ಮುಗಿಯಿತು. ಹತ್ತರ ಆಸುಪಾಸಿಗೆ ಇಳಿದಿದ್ದ ಲೇಸನ್ ಬಾತು ಮಾತ್ರ ಚೇತರಿಸಿಕೊಂಡಿತು. ಒಂದೇ ಕಡೆ ಇದ್ದರೆ ಒಂದೇ ಬಿರುಗಾಳಿಗೆ ಎಲ್ಲ ಹೋಗಬಹುದೆಂದು 2004–05ರಲ್ಲಿ ಕೆಲವನ್ನು ಮಿಡ್‌ವೇಗೆ ಒಯ್ದು ಇನ್ನೊಂದು ನೆಲೆ ಕಟ್ಟಿಕೊಟ್ಟರು.

ಪಿಟ್‌ಕೇರ್ನ್ ಸಮೂಹದ ಹೆಂಡರ್ಸನ್ ಜನವಸತಿಯಿಲ್ಲದ ದ್ವೀಪ, 1988ರಿಂದ ವಿಶ್ವ ಪರಂಪರೆಯ ತಾಣ. ಬೇರೆಲ್ಲೂ ಇಲ್ಲದ ನಾಲ್ಕು ನೆಲಹಕ್ಕಿಗಳು ಅಲ್ಲಿವೆ. 2011ರಲ್ಲಿ ಇಲಿಗಳನ್ನು ನಿರ್ಮೂಲ ಮಾಡಲು ನಡೆದ ದೊಡ್ಡ ಪ್ರಯತ್ನದಲ್ಲಿ ನೂರಕ್ಕೂ ಕಡಿಮೆ ಇಲಿಗಳು ಬದುಕುಳಿದವು. ಅಷ್ಟೇ ಸಾಕಾಗಿ ಅವು ಮತ್ತೆ ದ್ವೀಪ ತುಂಬಿದವು. ಅದೇ ವರ್ಷ ಪಾಲ್ಮೈರಾ ಹವಳದ್ವೀಪದಲ್ಲಿ ಇದೇ ಕೆಲಸ ಪೂರ್ತಿ ಗೆದ್ದಿತು. ಇಲಿಗಳು ತಿಂದು ಮುಗಿಸುತ್ತಿದ್ದ ಬೀಜಗಳು ಮೊಳೆತು, ನಾಡಮರಗಳ ಸಸಿಗಳು ಹಿಂದೆಂದೂ ಕಾಣದಷ್ಟು ಎದ್ದವು. ಇತ್ತ ಹೆಂಡರ್ಸನ್‌ನ ದಡದಲ್ಲಿ 2017ರ ಅಧ್ಯಯನವೊಂದು ಮೂರು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಚೂರುಗಳಿವೆಯೆಂದು ಅಂದಾಜಿಸಿತು. ಮನುಷ್ಯರೇ ಇಲ್ಲದ ನೆಲಕ್ಕೆ ಮನುಷ್ಯರ ಕಸ ಕಡಲ ಮೇಲೆ ತೇಲಿ ಬಂದಿತ್ತು. ದ್ವೀಪದ ಗಡಿಯನ್ನು ನಕ್ಷೆಯಲ್ಲಿ ಗುರುತಿಸುವುದು ಸುಲಭ, ಗಡಿ ದಾಟಿ ಬರುವುದನ್ನು ತಡೆಯುವುದೇ ನಿಜವಾದ ಕೆಲಸ ಎಂದು ಈ ಪ್ರಸಂಗಗಳೆಲ್ಲ ಹೇಳುತ್ತವೆ.

ಕಡಲಿನ ನೇತ್ರಾಣಿ

ಮುರ್ಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದಿಂದ ಕಡಿದಾಗಿ ಎದ್ದ ಬಂಡೆ ದ್ವೀಪ ನೇತ್ರಾಣಿ. ಹಳೆಯ ನಾವಿಕ ನಕ್ಷೆಗಳಲ್ಲಿ ಇದು ಪಾರಿವಾಳ ದ್ವೀಪ. ಬಿಳಿಹೊಟ್ಟೆಯ ಕಡಲಹದ್ದಿಗೆ ಇದು ಗೂಡಿನ ನೆಲೆ. ಗುಹೆಗಳ ಗೋಡೆಗೆ ಎಂಜಲಿನಿಂದ ಗೂಡು ಅಂಟಿಸುವ ಪುಟ್ಟ ಬಾನಾಡಿಯೂ ಇಲ್ಲಿದೆ. ನೀರಿನೊಳಗೆ ಹವಳಗಳೂ ಅವುಗಳನ್ನು ಆಶ್ರಯಿಸಿದ ಬಣ್ಣದ ಮೀನುಗಳೂ ಇವೆ. ಕರ್ನಾಟಕದಲ್ಲಿ ಕಡಲಲ್ಲಿ ಮುಳುಗಿ ನೋಡುವ ಪ್ರವಾಸೋದ್ಯಮ ಬೆಳೆದದ್ದೂ ಈ ದ್ವೀಪದ ಸುತ್ತಲೇ.

ನೇತ್ರಾಣಿಯ ಮೇಲೆ ಕಾಡುಬಿದ್ದ ಆಡುಗಳಿವೆ. ಕಡಲಿಗಿಳಿಯುವ ಮೀನುಗಾರರು ದ್ವೀಪದ ದೈವಕ್ಕೆ ಹರಕೆಯಾಗಿ ಆಡು ಒಪ್ಪಿಸುವುದು ಹಳೆಯ ರೂಢಿ. ಭಕ್ತಿಯ ದೃಷ್ಟಿಯಿಂದ ಬಹಳ ದೊಡ್ಡ ಮಾತು ಅದು. ಆದರೆ ಹವಾಯಿ ಮೊದಲಾದ ಕಡೆ ದ್ವೀಪಕ್ಕೆ ಬಿಟ್ಟ ಆಡುಗಳು ನಾಡಗಿಡಗಳ ಚಿಗುರನ್ನು ಮೇಯ್ದು ಮಣ್ಣು ಸವೆಸಿದ ಅನುಭವವಿದೆ. ಆ ಕಣ್ಣಿನಿಂದ ನೇತ್ರಾಣಿಯ ಸಸ್ಯಗಳನ್ನೂ ಗಮನಿಸಬೇಕಾಗುತ್ತದೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದ್ದಕ್ಕೆ ನಿಸರ್ಗಪ್ರೇಮಿಗಳು ಬಹುಕಾಲ ಆಕ್ಷೇಪ ಎತ್ತಿದ್ದಾರೆ. ಮೀನುಗಾರಿಕೆ, ಪೂಜೆ, ರಕ್ಷಣಾ ಅಭ್ಯಾಸ, ಪ್ರವಾಸ ಎಂಬ ನಾಲ್ಕು ಹಕ್ಕುಗಳು ಒಂದೇ ಬಂಡೆಯ ಮೇಲೆ ಕೂತಿರುವಾಗ ಹದ್ದಿನ ಹಕ್ಕನ್ನು ಯಾರಾದರೂ ಎತ್ತಿ ಹೇಳಬೇಕಾಗುತ್ತದೆ.

ಹೊಳೆಯ ರಂಗನತಿಟ್ಟು

ರಂಗನತಿಟ್ಟು ನಿಸರ್ಗ ತಾನೇ ಮಾಡಿದ ದ್ವೀಪವಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1645–48ರ ನಡುವೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನೀರು ನಿಂತು, ಎತ್ತರದ ದಿಬ್ಬಗಳು ತಿಟ್ಟುಗಳಾಗಿ ಉಳಿದವು. ಗದ್ದೆಗೆ ನೀರು ಹರಿಸಲು ಮಾಡಿದ ಕೆಲಸ ಹಕ್ಕಿಗಳಿಗೆ ಮನೆ ಕೊಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಈ ತಿಟ್ಟುಗಳ ಮಹತ್ವವನ್ನು ಮಹಾರಾಜರಿಗೆ ಮನಗಾಣಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣವೂ ಇದೇ.

ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಇಲ್ಲಿ ಒಂದೇ ಮರದಲ್ಲಿ ಮಹಡಿ ಮಹಡಿಯಾಗಿ ಗೂಡು ಕಟ್ಟುತ್ತವೆ. ಕೆಳಗಿನ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳು. ನಾಯಿ, ಕಾಡುಬೆಕ್ಕು, ಕಳ್ಳ ಯಾರೂ ಸುಲಭವಾಗಿ ಈಜಿ ಬರದಂತೆ ನೀರೂ ಮೊಸಳೆಯೂ ಸೇರಿ ಬೇಲಿ ಹಾಕಿವೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಗೂಡುಗಳು ಕೂಡುವುದರ ಗುಟ್ಟು ಇದು.

ಆದರೆ ಅದೇ ನೀರು ಅಪಾಯವೂ ಹೌದು. ಬೇಸಗೆಯಲ್ಲಿ ಹೊಳೆ ಇಳಿದಾಗ ನಡುನೀರಿನ ಬೋಳುಬಂಡೆಗಳು ಮೇಲೇಳುತ್ತವೆ. ಹೊಳೆ ರೀವ ಎಂಬ ಹಕ್ಕಿ ಕಡ್ಡಿ, ಹುಲ್ಲು ಏನನ್ನೂ ಹಾಸದೆ ಬಂಡೆಯ ಸಣ್ಣ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಬಂಡೆಯ ಬಣ್ಣಕ್ಕೆ ಹೊಂದುವ ಚುಕ್ಕಿಚುಕ್ಕಿಯ ಮೊಟ್ಟೆ ಹತ್ತಡಿ ದೂರದಿಂದ ಕಣ್ಣಿಗೆ ಬೀಳದು. ಬಿಸಿಲೇರಿದಾಗ ತಾಯಿಹಕ್ಕಿ ಹೊಟ್ಟೆಯ ಗರಿ ನೀರಿನಲ್ಲಿ ನೆನೆಸಿ ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಇಷ್ಟೆಲ್ಲ ಜತನ ಮಾಡಿದ ಗೂಡಿಗೂ ನೀರಿಗೂ ನಡುವೆ ಇರುವುದು ಗೇಣುದ್ದದ ಎತ್ತರ. ಮೇಲಿನ ಕೃಷ್ಣರಾಜಸಾಗರದಿಂದ ನೀರು ಬಿಟ್ಟ ದಿನ ಹೊಳೆ ಆ ಗೇಣನ್ನು ಏರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಮಳೆಗಾಲದ ದೊಡ್ಡ ಪ್ರವಾಹಗಳು ಮರಗಳನ್ನು ಕೆಡವಿ, ತಿಟ್ಟುಗಳ ಅಂಚನ್ನೇ ಕೊರೆದಿವೆ. ಅರಣ್ಯ ಇಲಾಖೆ ಮರಳಿನ ಮೂಟೆಗಳನ್ನು ಒಟ್ಟಿ ಅಂಚುಗಳನ್ನು ಗಟ್ಟಿ ಮಾಡಿದ್ದುಂಟು.

ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯದೂ ಇದೇ ಕಥೆ, ಇನ್ನೂ ಚಿಕ್ಕ ಅಳತೆಯಲ್ಲಿ. ತುಂಗಾ ನದಿಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡದಾದ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಹೊಳೆ ತುಂಬಿ ಹರಿದ ವರ್ಷ ಕೆಳಗಿನ ಕೊಂಬೆಗಳ ಸಂಸಾರ ನೀರುಪಾಲು.

ಊರಿನ ಕೊಕ್ಕರೆಬೆಳ್ಳೂರು

ಶಿಂಷಾ ನದಿಯ ಬಳಿಯ ಕೊಕ್ಕರೆಬೆಳ್ಳೂರಿನಲ್ಲಿ ದ್ವೀಪವೆಂದರೆ ಮರಗಳು, ಸುತ್ತಲ ಸಮುದ್ರವೆಂದರೆ ಜನ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮಳೆಗಾಲ ಮುಗಿದ ಮೇಲೆ ಬಂದು ಹುಣಸೆ, ಅರಳಿ, ಅತ್ತಿ ಮರಗಳಲ್ಲಿ, ಹೆಂಚಿನ ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ಮುಂಗಾರು ಮುಟ್ಟುವ ಮೊದಲು ಮರಿಗಳೊಂದಿಗೆ ಹೊರಡುತ್ತವೆ. ಊರಿನವರ ಪಾಲಿಗೆ ಇವು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ.

ಈ ನಂಟಿಗೆ ಭಾವದಷ್ಟೇ ಲೆಕ್ಕಾಚಾರವೂ ಇತ್ತು. ಗೂಡಿನ ಮರದ ಕೆಳಗೆ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕುತ್ತಿದ್ದರು. ಮೀನು ತಿಂದ ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರ. ಚೀಲದ ಗೊಬ್ಬರ ಬಂದ ಮೇಲೆ ಆ ಲಾಭ ಇಳಿಯಿತು. ಹುಣಸೆಹಣ್ಣಿನ ಆದಾಯ ಕಣ್ಣಿಗೆ ಕಾಣತೊಡಗಿತು. ಗೂಡು ಕಟ್ಟಿದ ಮರದ ಹುಣಸೆಯನ್ನು ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಬಂದಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಊರಿನ ಯುವಕರ ಜೊತೆ ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಆವರಣದಲ್ಲಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕೆಲಸ ಅವರದು. ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನತನಕ ತಲೆ ತೂರಿಸಿ ಮೀನು ಕಸಿಯುವಾಗ, ನೂಕುನುಗ್ಗಲಿನಲ್ಲಿ ಕಡ್ಡಿಗೂಡಿನ ಅಂಚಿನಿಂದ ಜಾರುವುದು ದಿನದ ಸಂಗತಿ. ಕೆಳಗೆ ನೀರಿಲ್ಲ, ಅಂಗಳವಿದೆ; ಎತ್ತಿಕೊಳ್ಳುವ ಕೈ ಇದ್ದರೆ ಮರಿ ಬದುಕುತ್ತದೆ.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಎರಡು ಹೊಸ ಬಗೆಗಳನ್ನು ತಂದಿತು. ಖಾಸಗಿ ನೆಲವನ್ನು ಒಡೆಯರಿಂದ ಕಿತ್ತುಕೊಳ್ಳದೆ, ಊರಿನವರನ್ನೇ ಪಾಲುದಾರರನ್ನಾಗಿ ಮಾಡಿ ಕಾಪಾಡುವ ದಾರಿ ಸಮುದಾಯ ಮೀಸಲು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲಾಯಿತು. ಆದರೂ ಮರವೊಂದೇ ಸಾಲದು. ಹಕ್ಕಿ ಮೀನು ಹಿಡಿಯುವುದು ಸುತ್ತಲ ಕೆರೆಗಳಲ್ಲಿ, ಶಿಂಷೆಯಲ್ಲಿ. 2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ಪರೋಪಜೀವಿ ದುಂಡುಹುಳುಗಳು ಕಂಡವು. ಅವು ಹಕ್ಕಿಯನ್ನು ಸೇರುವುದು ಮೀನಿನ ಮೂಲಕ. ಊರು ಎಷ್ಟೇ ಪ್ರೀತಿಯಿಂದ ಮರ ಕಾದರೂ ಕೆರೆಯ ಆರೋಗ್ಯ ಕೆಟ್ಟರೆ ಗೂಡು ಉಳಿಯದು.

ಬಂಡೆಯ ರಾಮದೇವರ ಬೆಟ್ಟ

ರಾಮನಗರದ ಗ್ರಾನೈಟ್ ಬೆಟ್ಟಗಳನ್ನು ದೇಶ ಗುರುತಿಸುವುದು 1975ರ ಶೋಲೆ ಚಿತ್ರದಿಂದ. ಅದೇ ಬಂಡೆಗಳ ಕಡಿದಾದ ಅಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶ ರಾಮದೇವರ ಬೆಟ್ಟ ರಣಹದ್ದು ವನ್ಯಧಾಮವಾಯಿತು. ಬಿಳಿ ರಣಹದ್ದು ಮತ್ತು ದಕ್ಷಿಣದ ಬಂಡೆಬೆಟ್ಟಗಳಿಗೇ ಸೀಮಿತವಾದ ಹಳದಿ ಕತ್ತಿನ ಪಿಕಳಾರವೂ ಇಲ್ಲಿಯ ನಿವಾಸಿಗಳು. ಉದ್ದಕೊಕ್ಕಿನ ರಣಹದ್ದಿನ ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆದ್ದರಿಂದ ಒಂದೊಂದು ಸಾವಿನ ನಷ್ಟ ತುಂಬಲು ವರ್ಷಗಳು ಬೇಕು.

ಚಿಕ್ಕ ಮೀಸಲಿನ ಮಿತಿ ಅತ್ಯಂತ ನಿಚ್ಚಳವಾಗಿ ಕಾಣುವುದು ಇಲ್ಲಿಯೇ. 1990ರ ದಶಕದಿಂದ ಭಾರತದಲ್ಲಿ ರಣಹದ್ದುಗಳು ಕುಸಿದವು. ಬಿಳಿಬೆನ್ನಿನ ರಣಹದ್ದಿನಲ್ಲಿ 99 ಪ್ರತಿಶತಕ್ಕೂ ಹೆಚ್ಚು, ಉದ್ದಕೊಕ್ಕಿನದರಲ್ಲಿ ಸುಮಾರು 97 ಪ್ರತಿಶತ ನಾಶವಾಯಿತು. ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವೆಂದು 2004ರಲ್ಲಿ ಸ್ಪಷ್ಟವಾಯಿತು. ಔಷಧ ಉಳಿದ ಹೆಣವನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಲಸ ನಿಲ್ಲಿಸಿ ಅದು ಸಾಯುತ್ತದೆ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಈ ಔಷಧ ನಿಷೇಧವಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುವುದು ನಿಲ್ಲದ್ದರಿಂದ 2015ರಲ್ಲಿ ಅವುಗಳ ಮೇಲೂ ನಿರ್ಬಂಧ ಬಂದಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳ ಸರದಿ. ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಬದಲಿ ಲಭ್ಯವಿದೆ. ಆಹಾರ ಹುಡುಕಿ ಹತ್ತಾರು ಕಿಲೋಮೀಟರ್ ಹಾರುವ ಹಕ್ಕಿಗೆ ಬೆಟ್ಟದ ಬೇಲಿ ಲೆಕ್ಕಕ್ಕಿಲ್ಲ. ರಾಮನಗರದ ರಣಹದ್ದಿನ ಅಳಿವು ಉಳಿವು ತೀರ್ಮಾನವಾಗುವುದು ಸುತ್ತಲ ತಾಲ್ಲೂಕುಗಳ ಪಶುವೈದ್ಯರ ಚೀಲದಲ್ಲಿ, ಔಷಧದಂಗಡಿಯ ಕಪಾಟಿನಲ್ಲಿ, ಸತ್ತ ದನವನ್ನು ರೈತ ಏನು ಮಾಡುತ್ತಾನೆ ಎಂಬುದರಲ್ಲಿ.

ನಗರದಂಚಿನ ತುರಹಳ್ಳಿ

ಕೆಂಗೇರಿಗೂ ಕನಕಪುರ ರಸ್ತೆಗೂ ನಡುವಿನ ತುರಹಳ್ಳಿ ಬಂಡೆಗುಡ್ಡಗಳ ಕುರುಚಲು ಕಾಡು. ಸುತ್ತಲೂ ಬಹುಮಹಡಿ ಕಟ್ಟಡಗಳೂ ಬಡಾವಣೆಗಳೂ ಏರಿ, ಮೈಸೂರು ರಸ್ತೆಯತ್ತ ಮೆಟ್ರೊ 2021ರಲ್ಲಿ ಕೆಂಗೇರಿಯನ್ನು, 2023ರಲ್ಲಿ ಚಲ್ಲಘಟ್ಟವನ್ನು ಮುಟ್ಟಿದ ಮೇಲೆ ಈ ಕಾಡು ಇನ್ನಷ್ಟು ದ್ವೀಪವಾಗಿದೆ. ನವಿಲು, ಮೊಲ, ಹಲವು ಬಗೆಯ ಚಿಟ್ಟೆ, ಹಕ್ಕಿಗಳ ಜೊತೆಗೆ ಚಿರತೆಯೂ ಆಗಾಗ ಕಾಣಿಸಿಕೊಂಡಿದೆ. ಚಿರತೆ ಅಲ್ಲಿಗೆ ಬಂದಿದೆಯೆಂದರೆ ಬಿ.ಎಂ. ಕಾವಲ್ ಮೊದಲಾದ ಕಾಡುತುಣುಕುಗಳ ಮೂಲಕ ಬನ್ನೇರುಘಟ್ಟದ ಕಡೆಗಿನ ದಾರಿ ಇನ್ನೂ ಪೂರ್ತಿ ಮುಚ್ಚಿಲ್ಲ ಎಂದು ಅರ್ಥ. ಆ ದಾರಿ ಇರುವಷ್ಟು ದಿನವೇ ತುರಹಳ್ಳಿ ಜೀವಂತ ಕಾಡು.

2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾವ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಕಾಡಿಗೂ ಉದ್ಯಾನಕ್ಕೂ ವ್ಯತ್ಯಾಸವಿದೆ ಎಂಬುದು ಅವರ ವಾದದ ಸಾರ. ಕಾಲುದಾರಿ, ಬೆಂಚು, ದೀಪ, ಅಂಗಡಿ ಬಂದ ಕಡೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೂ ಇರುಳು ಬೇಟೆಯಾಡುವ ಪ್ರಾಣಿಗೂ ಜಾಗವಿರದು. ಸಮೀಪದ ಜ್ಞಾನಭಾರತಿ ಬೇರೆ ಬಗೆಯ ಉದಾಹರಣೆ. ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮೀರಿದ ಈ ಆವರಣದಲ್ಲಿ ನೆಟ್ಟು ಬೆಳೆಸಿದ ಜೈವಿಕ ಉದ್ಯಾನ ಇಂದು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಿಗೆ ಹತ್ತಿರದ ದೊಡ್ಡ ಹಸಿರು. ಕಾನೂನಿನಲ್ಲಿ ಅದು ವನ್ಯಧಾಮವಲ್ಲ. ಆದರೂ ಹಾರುವ ಹಕ್ಕಿಗೆ ಎರಡು ಕಾಡುಗಳ ನಡುವೆ ಕಾಲೂರಲು ಸಿಗುವ ತಿಟ್ಟು.

ಕಾಪಾಡುವ ಕ್ರಮ

ಈ ತಾಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಯಾವ ಜೀವಿಗಾಗಿ ನೆಲವನ್ನು ಮೀಸಲಿಟ್ಟಿದೆಯೋ ಆ ಜೀವಿಗೆ ಬೇಕಾದ ನೆಲವಾಗಿಯೇ ಅದನ್ನು ಉಳಿಸಬೇಕು. ಕೃಷ್ಣಮೃಗ ಮತ್ತು ಎರ್ಲಡ್ಡು ಹಕ್ಕಿಗಾಗಿ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಧಾಮದ ಬಹುಭಾಗದಲ್ಲಿ ನೀಲಗಿರಿ ತೋಪು ಎದ್ದಿತು. ಬಯಲು ಬೇಡುವ ಎರ್ಲಡ್ಡು ಅಲ್ಲಿಂದ ಮರೆಯಾಯಿತು. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಹುಲ್ಲು ಹುಲ್ಲಾಗಿಯೇ ಉಳಿದಷ್ಟು ದಿನ ಕೃಷ್ಣಮೃಗವೂ ಉಳಿಯುತ್ತದೆ. ಎರಡನೆಯದು, ಒಂದೇ ತಾಣವನ್ನು ನೆಚ್ಚಬಾರದು. ಲೇಸನ್ ಬಾತಿಗೆ ಎರಡನೆಯ ದ್ವೀಪ ಬೇಕಾದಂತೆ ಹೆಜ್ಜಾರ್ಲೆಗೆ ಕೊಕ್ಕರೆಬೆಳ್ಳೂರೂ ರಂಗನತಿಟ್ಟೂ ಎರಡೂ ಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಸಂರಕ್ಷಣಾ ಮೀಸಲುಗಳಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದ್ದು ಈ ಸರಪಣಿಯನ್ನು ಬಲಪಡಿಸಿದೆ.

ಮೂರನೆಯದು ಎಲ್ಲಕ್ಕೂ ಮುಖ್ಯ. ಚಿಕ್ಕ ಮೀಸಲು ಗೂಡನ್ನು ಕಾಯುತ್ತದೆ, ಬದುಕನ್ನು ಕಾಯುವುದು ಅದರ ಸುತ್ತಲಿನ ನೆಲ ನೀರು. ಪಾಲಿನೇಷ್ಯಾದ ದ್ವೀಪಕ್ಕೆ ಅಪಾಯ ಬಂದದ್ದು ಹಡಗಿನಲ್ಲಿ. ಅಲ್ಲಿ ಇಲಿಯನ್ನು ತಡೆದರೆ ಅರ್ಧ ಕೆಲಸ ಮುಗಿಯಿತು. ಕರ್ನಾಟಕದ ನಡುಗಡ್ಡೆಗಳ ಸುತ್ತ ಇರುವುದು ಜನ. ಅಪಾಯವೂ ಅವರಿಂದಲೇ, ಆಸರೆಯೂ ಅವರಿಂದಲೇ. ಆದ್ದರಿಂದ ಅಣೆಕಟ್ಟೆಯ ತೂಬು ತೆರೆಯುವ ಎಂಜಿನಿಯರು, ದನಕ್ಕೆ ಸೂಜಿ ಚುಚ್ಚುವ ವೈದ್ಯರು, ಹುಣಸೆಮರದ ಒಡೆಯರು ಎಲ್ಲರೂ ಅರಣ್ಯರಕ್ಷಕರಷ್ಟೇ ಮುಖ್ಯರಾದ ಕಾವಲುಗಾರರು.

ಆ ಸಾಲಿನಲ್ಲಿ ಬೆಂಗಳೂರಿನವರೂ ಇದ್ದಾರೆ. ಕೃಷ್ಣರಾಜಸಾಗರದಿಂದ ನಗರಕ್ಕೆಂದು ಹೊಳೆಗೆ ಬಿಟ್ಟ ಕಾವೇರಿ ಮೊದಲು ರಂಗನತಿಟ್ಟಿನ ಬಂಡೆಗಳನ್ನು ಬಳಸಿ ಹರಿದು, ಶಿವಾ ಅಣೆಕಟ್ಟೆಯ ಬಳಿ ತಿರುಗಿ, ತೊರೆಕಾಡನಹಳ್ಳಿಯಿಂದ ಮೇಲೇರಿ ರಾಜಾಜಿನಗರ, ವಿಜಯನಗರಗಳ ನಲ್ಲಿಗೆ ಬರುತ್ತದೆ. ಬೇಸಗೆಯಲ್ಲಿ ಆ ನೀರನ್ನು ಒಮ್ಮೆಲೇ ನುಗ್ಗಿಸದೆ ಹದವಾಗಿ ಬಿಟ್ಟರೆ ನಗರದ ತೊಟ್ಟಿಯೂ ತುಂಬುತ್ತದೆ, ಬಂಡೆಯ ಮೇಲಿನ ಹೊಳೆ ರೀವದ ಮೊಟ್ಟೆಗೂ ಒಡೆದು ಮರಿಯಾಗುವಷ್ಟು ಸಮಯ ಸಿಗುತ್ತದೆ.